ಚನ್ನಬಸವ ಹುಟ್ಟಿಸಿದ ಕಾಯಿಕೊರಕ

ಕಳಸದ ಪೇಟೆಯಲ್ಲಿ ಕಾಫಿ, ಮೆಣಸು ಕೊಳ್ಳುವ ಅಂಗಡಿ ಇಟ್ಟಿದ್ದ ಚನ್ನಬಸವನಿಗೆ ಅವನ ಹಲ್ಲೇ ದೊಡ್ಡ ಆಸ್ತಿ. ಮೂಟೆಯಿಂದ ಒಂದು ಹಿಡಿ ಬೀಜ ತೆಗೆದು, ಅದರಲ್ಲೊಂದನ್ನು ಬಾಯಿಗೆ ಹಾಕಿ ಕಟಕ್ಕನೆ ಕಚ್ಚಿ, "ಇನ್ನೆರಡು ಬಿಸಿಲು ಬೇಕು" ಎಂದನೆಂದರೆ ಅದು ಹೈಕೋರ್ಟಿನ ತೀರ್ಪು. ಬೆಳೆಗಾರರು ಮರುಮಾತಿಲ್ಲದೆ ಮೂಟೆ ವಾಪಸು ಒಯ್ದು ಕಣದಲ್ಲಿ ಹರವುತ್ತಿದ್ದರು. ಹಲ್ಲಿನ ಮೇಲೆ ಊರಿಗೆ ಇಷ್ಟು ಭರವಸೆ ಇರುವಾಗ ಮನುಷ್ಯನಿಗೆ ತನ್ನ ತಲೆಯ ಮೇಲೂ ಭರವಸೆ ಬಂದುಬಿಡುತ್ತದೆ. ಮಗಳಿಗೆ ಯಾವ ಗಂಡು, ಜೀಪಿಗೆ ಯಾವ ಟಯರು, ಅಣ್ಣತಮ್ಮಂದಿರ ಪಾಲಿನಲ್ಲಿ ಯಾರಿಗೆ ಯಾವ ಮೂಲೆ, ಎಲ್ಲಕ್ಕೂ ಜನ ಅವನ ಗಲ್ಲಾಪೆಟ್ಟಿಗೆಯ ಎದುರಿಗೇ ಬಂದು ಕೂರುತ್ತಿದ್ದರು. ಅವನೂ ಯಾರನ್ನೂ ಬರಿಗೈಯಲ್ಲಿ ಕಳಿಸಿದವನಲ್ಲ.

ಅಂಥ ಚನ್ನಬಸವ ಆ ಜನವರಿಯಲ್ಲಿ ಚಿಕ್ಕಮಗಳೂರಿನ ಲೇಡಿ ಡಾಕ್ಟರ ಎದುರು ಹೆಂಡತಿಯ ಪಕ್ಕದಲ್ಲಿ ಕೂತು ಬೆವರುತ್ತಿದ್ದ. ಸೌಮ್ಯಳಿಗೆ ಮೂರನೇ ತಿಂಗಳು ನಡೆಯುತ್ತಿತ್ತು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಗಿತ್ತು. ಇದು ಮೂರನೆಯದು.

"ಇವರಿಗೆ ಮೂವತ್ತೇಳು ವರ್ಷ," ಎಂದರು ಡಾಕ್ಟರಮ್ಮ. "ಈ ವಯಸ್ಸಲ್ಲಿ ಕೆಲವು ಮಕ್ಕಳಿಗೆ ಡೌನ್ ಸಿಂಡ್ರೋಮ್ ಅಂತ ಇರೋ ಸಾಧ್ಯತೆ ಸ್ವಲ್ಪ ಜಾಸ್ತಿ. ಆ ಮಕ್ಕಳು ಕಲಿಯೋದು, ನಡೆಯೋದು ಎಲ್ಲ ನಿಧಾನ. ಕೆಲವಕ್ಕೆ ಹೃದಯದ ತೊಂದರೆನೂ ಇರ್ತದೆ. ಅದಕ್ಕೊಂದು ರಕ್ತ ಪರೀಕ್ಷೆ ಇದೆ. ಮಾಡಿಸಲೇಬೇಕು ಅಂತ ಇಲ್ಲ. ನೀವಿಬ್ಬರೂ ಮಾತಾಡಿಕೊಂಡು ಹೇಳಿ."

"ಪರೀಕ್ಷೆ ಮಾಡಿದ್ರೆ ಇದೆಯೋ ಇಲ್ಲವೋ ಗೊತ್ತಾಗ್ತದಲ್ಲ?"

"ಇಲ್ಲ. ಸಾಧ್ಯತೆ ಹೆಚ್ಚೋ ಕಡಿಮೆಯೋ ಅಷ್ಟೇ ಗೊತ್ತಾಗೋದು. ಹೆಚ್ಚು ಅಂತ ಬಂದ ಎಷ್ಟೋ ಜನಕ್ಕೆ ಏನೂ ತೊಂದರೆ ಇಲ್ಲದ ಮಗು ಹುಟ್ಟಿದೆ. ಖಾತ್ರಿ ಆಗಬೇಕು ಅಂದ್ರೆ ಆಮೇಲೆ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದು ನೋಡಬೇಕು. ಅದರಲ್ಲಿ ಗರ್ಭ ಹೋಗೋ ಅಪಾಯ ಸಣ್ಣದೊಂದು ಇದ್ದೇ ಇದೆ."

ಬದುಕಿನಲ್ಲಿ ಚನ್ನಬಸವ 'ಇರಬಹುದು' ಎಂಬ ಮಾತು ಆಡಿದವನಲ್ಲ. ಇರಬಹುದು ಎಂದರೆ ಮೂಟೆಗೆ ರೇಟು ಕಟ್ಟುವುದು ಹೇಗೆ? ಮಾಡಿಸಿದರೆ ಒಂದು ಭಯ, ಮಾಡಿಸದಿದ್ದರೆ ಇನ್ನೊಂದು ಭಯ, ಮಾಡಿಸಿ ಹೆಚ್ಚು ಅಂತ ಬಂದರೆ ಮೂರನೆಯದು, ಆ ಸೂಜಿ ನೆನೆದರೆ ಎಲ್ಲಕ್ಕಿಂತ ದೊಡ್ಡದು.

"ಬರೋ ಸೋಮವಾರ ಬನ್ನಿ," ಎಂದರು ಡಾಕ್ಟರಮ್ಮ. "ಅದಾದ ಮೇಲೆ ಈ ಪರೀಕ್ಷೆಗೆ ಹೊತ್ತು ಮೀರ್ತದೆ."

ಕಳಸಕ್ಕೆ ಹಿಂದಿರುಗುವಾಗ ಚನ್ನಬಸವ ಜೀಪನ್ನು ಮದುವೆ ದಿಬ್ಬಣದ ಹಾಗೆ ಓಡಿಸಿದ. ಕೊಟ್ಟಿಗೆಹಾರ ದಾಟುವ ಹೊತ್ತಿಗೆ ಅವನ ಹಿಂದೆ ಎರಡು ಬಸ್ಸು, ಒಂದು ಮರದ ಲಾರಿ ಹಾರನ್ ಬಾರಿಸುತ್ತ ಮೆರವಣಿಗೆ ಹೊರಟಿದ್ದವು. ಸೌಮ್ಯ ಮಾತಿಗೆ ಬಾಯಿ ತೆರೆದಾಗಲೆಲ್ಲ ಅವನು, "ತಡಿ, ಗುಂಡಿ ಉಂಟು," ಎನ್ನುತ್ತಿದ್ದ. ಆ ರಸ್ತೆಯಲ್ಲಿ ಗುಂಡಿಗೆ ಬರವೇ? ಬಾಳೂರು ದಾಟಿದ ಮೇಲೆ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಳು.

ಸಲಹೆ ಕೊಡುವವನಿಗೆ ಸಲಹೆ ಬೇಕಾದಾಗ ಬಹಳ ಕಷ್ಟ. ಅದರ ಮೇಲೆ ಅವನ ತಾಯಿ ಸಿದ್ದಗಂಗಮ್ಮ ಬೇರೆ ಮಗನ ಬಾಯಿಗೆ ಬೀಗ ಹಾಕಿದ್ದರು. ಹೋದ ಸಲ ಚನ್ನಬಸವ ಖುಷಿಗೆ ಎರಡನೇ ತಿಂಗಳಲ್ಲೇ ಪೇಟೆಗೆಲ್ಲ ಪೇಡ ಹಂಚಿಬಿಟ್ಟಿದ್ದ. ಕಳಸವೆಲ್ಲ ಹಣ್ಣು ಹಿಡಿದು ಬಂದಿತ್ತು. ಸ್ವಲ್ಪ ದಿನಕ್ಕೆ ಅದೇ ಕಳಸ ಅದೇ ಜಗಲಿಗೆ ಸಮಾಧಾನ ಹೇಳಲು ಬಂದಾಗ ಸೌಮ್ಯ ಒಳಕೋಣೆಯ ಬಾಗಿಲು ತೆಗೆದಿರಲಿಲ್ಲ. "ಈ ಸಲ ಮೂರು ತುಂಬೋವರೆಗೆ ಯಾರ ಹತ್ರನಾದ್ರೂ ಬಾಯಿ ಬಿಟ್ಯೋ, ನನ್ನಾಣೆ," ಎಂದಿದ್ದರು ಸಿದ್ದಗಂಗಮ್ಮ.

ಆಣೆಯನ್ನೂ ಮೀರಬಾರದು, ಸಲಹೆಯೂ ಬೇಕು. ಮಾರನೆಯ ದಿನ ಬಾಳೂರು ಕಡೆಯ ಪ್ಲಾಂಟರು ಬೆಳ್ಳಿಯಪ್ಪಗೌಡರು ಹಣ್ಣನ್ನು ಹಾಗೇ ಒಣಗಿಸಿದ ಚೆರಿ ಕಾಫಿಯ ಸ್ಯಾಂಪಲ್ ಹಿಡಿದು ಅಂಗಡಿಗೆ ಬಂದರು. ಅದನ್ನು ಮೇಜಿನ ಮೇಲೆ ಸುರಿದದ್ದೇ ಚನ್ನಬಸವನ ತಲೆಗೆ ಒಂದು ಉಪಾಯ ಹೊಳೆಯಿತು. ಹೆಂಡತಿಯ ವಿಷಯ ಎನ್ನುವ ಬದಲು ಕಾಫಿಯ ವಿಷಯ ಎಂದು ಒಂದು ಸುಳ್ಳು ಕಥೆ ಕಟ್ಟಿದರಾಯಿತು!

"ಗೌಡ್ರೇ, ಒಬ್ಬರ ತೋಟದ ಕಾಯಿ ಬಂದಿದೆ," ಎಂದ. "ಮೇಲಿಂದ ನೋಡಿದ್ರೆ ಎಂತದೂ ಇಲ್ಲ. ಆದ್ರೆ ತಿಳಿದವರೊಬ್ಬರು, ಒಳಗೆ ಕಾಯಿಕೊರಕ ಇದ್ರೂ ಇರಬಹುದು, ಲ್ಯಾಬಿಗೆ ಕಳಿಸಿ ನೋಡಿ ಅಂದ್ರು. ಲ್ಯಾಬಿನವರೂ ಖಾತ್ರಿ ಹೇಳಲ್ಲವಂತೆ. ಕಳಿಸಬೇಕಾ, ಬೇಡವಾ?"

ಲೋಕದಲ್ಲಿ ಹೇಳಲು ಸಾವಿರ ಸುಳ್ಳುಗಳಿದ್ದವು. ಚನ್ನಬಸವ ಆರಿಸಿ ಆರಿಸಿ ಇದನ್ನೇ ಹೇಳಿದ. ಕಾಯಿಕೊರಕವೆಂದರೆ ಸಾಸಿವೆಗಿಂತ ಚಿಕ್ಕ ಕಪ್ಪು ಹುಳ. ಕಾಫಿ ಹಣ್ಣಿನ ತುದಿಯಲ್ಲಿ ತೂತು ಕೊರೆದು ಒಳಗೆ ಸಂಸಾರ ಹೂಡಿತೆಂದರೆ ಬೀಜ ಹಿಟ್ಟಾಗುತ್ತದೆ. ಆ ವರ್ಷಗಳಲ್ಲಿ ಅದು ಕೊಡಗಿನಿಂದ ಹೊರಟು ಈ ಕಡೆ ಬರುತ್ತಿದೆಯೆಂಬ ಸುದ್ದಿಗೇ ಬೆಳೆಗಾರರು ನಿದ್ದೆಗೆಟ್ಟಿದ್ದರು. ಹುಲಿ ಬಂತೆಂದರೆ ನೋಡಲು ಹೋಗುವ ಗಂಡಸರು ಈ ಹುಳದ ಹೆಸರು ಹೇಳಿದರೆ ಎದ್ದು ಒಳಗೆ ಹೋಗುತ್ತಿದ್ದರು.

ಬೆಳ್ಳಿಯಪ್ಪಗೌಡರು ಮೊದಲು ಎದ್ದು ಅಂಗಡಿಯ ಬಾಗಿಲು ಹಾಕಿದರು.

"ಯಾರ ತೋಟ?"

"ಹೆಸರು ಹೇಳೋ ಹಾಗಿಲ್ಲ ಗೌಡ್ರೇ. ಅಮ್ಮ ಆಣೆ ಹಾಕಿದಾಳೆ."

"ನಿನ್ನ ಅಮ್ಮಂಗೂ ಗೊತ್ತಾ!"

"ಅವಳಿಗೇ ಮೊದಲು ಗೊತ್ತಾಗಿದ್ದು."

ಗೌಡರ ಕಣ್ಣು ಮೇಜಿನ ಮೇಲಿದ್ದ ತಮ್ಮದೇ ಕಾಯಿಯ ಮೇಲೆ ಹೋಯಿತು, ಅಲ್ಲಿಂದ ಚನ್ನಬಸವನ ಬೆವರಿದ ಮುಖಕ್ಕೆ, ಮತ್ತೆ ಕಾಯಿಗೆ. "ನೋಡು ಮಾರಾಯ," ಎಂದರು. "ಪರೀಕ್ಷೆ ಮಾತ್ರ ಬೇಡ. ಗೊತ್ತಾಗೋವರೆಗೆ ಇಲ್ಲ ಅಂತಲೇ ಅಲ್ವಾ? ನಮ್ಮಪ್ಪ ಎದೆನೋವು ಅಂತ ಒಂದು ದಿನ ಆಸ್ಪತ್ರೆಗೆ ಹೋದವರಲ್ಲ. ಎಂಬತ್ತು ವರ್ಷ ಗಟ್ಟಿಮುಟ್ಟಾಗಿ ಬದುಕಿದರು."

"ಹೋಗಿದ್ದು ಎಂತದರಲ್ಲಿ ಗೌಡ್ರೇ?"

"ಎದೆನೋವಲ್ಲಿ," ಎಂದು ಗೌಡರು ಸ್ಯಾಂಪಲ್ ಕಾಯಿಯನ್ನೆಲ್ಲ ಒಂದೂ ಬಿಡದೆ ಬಳಿದು ಚೀಲಕ್ಕೆ ತುಂಬಿಕೊಂಡು ಹೊರಟೇಹೋದರು.

ಒಬ್ಬರ ಸಲಹೆ ಸಾಲದೆಂದು ಚನ್ನಬಸವ ಅದೇ ಕಥೆಯನ್ನು ತಿಮ್ಮಪ್ಪ ಮೇಷ್ಟ್ರಿಗೂ ಹೇಳಿದ. ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿ, ಮೂರೆಕರೆ ತೋಟ ಮಾಡಿಕೊಂಡು, ಇಡೀ ತಾಲೂಕಿಗೆ ಇನ್ನೂ ಪಾಠ ನಡೆಸುತ್ತಿದ್ದವರು.

"ಪರೀಕ್ಷೆ ಮಾಡಿಸಲೇಬೇಕು!" ಎಂದು ಮೇಜು ಗುದ್ದಿದರು. "ಮತ್ತೆ ವಿಜ್ಞಾನ ಇರೋದು ಎಂತಕ್ಕೆ?"

"ಇದೆ ಅಂತ ಬಂದ್ರೆ ಮೇಷ್ಟ್ರೇ?"

"ಸುಡೋದು. ಬುಡ ಸಮೇತ ಕಿತ್ತು ಸೀಮೆಎಣ್ಣೆ ಹಾಕಿ ಸುಡೋದು. ಅದರಲ್ಲಿ ಯೋಚನೆ ಎಂತದು?"

ಚನ್ನಬಸವ ಗಲ್ಲಾಪೆಟ್ಟಿಗೆ ಹಿಡಿದು ನಿಂತ. "ಹಾಗನ್ಬೇಡಿ ಮೇಷ್ಟ್ರೇ," ಎನ್ನುವಷ್ಟರಲ್ಲಿ ಕಣ್ಣೀರು ಕೆನ್ನೆಗಿಳಿಯಿತು. "ಎಷ್ಟು ವರ್ಷ ಕಾದು ಆಗಿದ್ದು. ಏನೇ ಇದ್ರೂ ಅದು ಬೆಳೀಲಿಕ್ಕೆ ಅಂತಲೇ ಬಂದಿದ್ದಲ್ವಾ?"

ಮೇಷ್ಟ್ರು ಬೆರಗಾಗಿ ನೋಡಿದರು. ಬೆಳೆಗಾರನ ಕಾಫಿಗಾಗಿ ವ್ಯಾಪಾರಿ ಅತ್ತದ್ದನ್ನು ಕಳಸ ಹುಟ್ಟಿದಂದಿನಿಂದ ಯಾರೂ ಕಂಡಿರಲಿಲ್ಲ. ವ್ಯಾಪಾರಿಯೇ ಅಳುತ್ತಾನೆಂದರೆ ಪರಿಸ್ಥಿತಿ ಕೈಮೀರಿದೆ ಎಂದೇ ಅರ್ಥ! ಮೇಷ್ಟ್ರು ಅಲ್ಲಿಂದ ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ಹೋಗಿ, ಹೋಗುವ ಬರುವ ಜೀಪಿನವರಿಗೆಲ್ಲ ಈ ಪಾಠ ಒಪ್ಪಿಸಿದರು.

ಕಾಯಿಕೊರಕ ತಾನಾಗಿ ಹಾರಿದ್ದರೂ ಇಷ್ಟು ಬೇಗ ಹಬ್ಬುತ್ತಿರಲಿಲ್ಲ. ವಾರ ಮುಗಿಯುವುದರೊಳಗೆ ಪಕ್ಕದ ಅಂಗಡಿಯವರು ಕಾಫಿ ಕೊಳ್ಳುವುದನ್ನು ನಿಲ್ಲಿಸಿದರು. ಬೆಳ್ಳಿಯಪ್ಪಗೌಡರು ತೋಟದ ಗೇಟಿಗೆ ಆಳುಗಳ ಮೇಸ್ತ್ರಿಯನ್ನು ನಿಲ್ಲಿಸಿ, ಒಳಗೆ ಬರುವವರೆಲ್ಲ ಅಂಗಿ, ಪಂಚೆ ಕೊಡವಿಯೇ ಬರಬೇಕೆಂದು ಕಟ್ಟಪ್ಪಣೆ ಮಾಡಿದರು. ಬಾಳೂರಿನಲ್ಲಿ ನಿಶ್ಚಯವಾಗಿದ್ದ ಒಂದು ಸಂಬಂಧ ಅರ್ಧಕ್ಕೆ ನಿಂತಿತು. ಜಾತಕ ಕೂಡಿದೆ, ತೋಟ ನೋಡದೆ ಮಾತಿಲ್ಲ ಎಂದರಂತೆ ಗಂಡಿನ ಕಡೆಯವರು. ಹುಳ ಇರುವುದು ಮೇಷ್ಟ್ರ ತೋಟದಲ್ಲೇ, ಅದಕ್ಕೇ ಅವರು ಅಷ್ಟು ಕೂಗುವುದು ಎಂದು ಗೌಡರೂ, ಗೌಡರ ತೋಟದಲ್ಲೇ, ಅದಕ್ಕೇ ಅವರು ಅಷ್ಟು ಸುಮ್ಮನಿರುವುದು ಎಂದು ಮೇಷ್ಟ್ರೂ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು.

ಅಂಗಡಿಯ ಹಿಂಭಾಗವೇ ಮನೆ. ಅಲ್ಲಿ ಸಿದ್ದಗಂಗಮ್ಮ ಸೊಸೆಗೆ ಹಾಲು ಕೊಡುತ್ತ, "ಯಾರ ತೋಟಕ್ಕೆ ಬಂತೋ, ಪಾಪ, ಆ ಮನೆ ಹೆಂಗಸಿನ ಹೊಟ್ಟೆ ಎಷ್ಟು ಉರೀತಿದೆಯೋ," ಎಂದು ಮರುಗುತ್ತಿದ್ದರು. ಸೌಮ್ಯ ಹಾಲಿನ ಲೋಟ ಹಿಡಿದು ಗಂಡನ ಮುಖ ನೋಡುತ್ತಿದ್ದಳು.

"ರೀ, ಸೋಮವಾರ ಹತ್ರ ಬಂತು," ಎಂದಳು ಒಮ್ಮೆ.

"ಆಮೇಲೆ ಮಾತಾಡೋಣ. ಈಗ ಊರಿಗೇ ಬೆಂಕಿ ಬಿದ್ದಿದೆ," ಎಂದ ಬೆಂಕಿ ಹಚ್ಚಿದ ಮಹಾಶಯ.

ನಿಜವಾಗಿ ಅವನಿಗೆ ಊರಿನ ಬೆಂಕಿಗಿಂತ ಸೋಮವಾರದ ಹೆದರಿಕೆಯೇ ಹೆಚ್ಚಾಗಿತ್ತು. ರಾತ್ರಿ ಸೌಮ್ಯ ಮಗ್ಗುಲು ಬದಲಿಸಿದರೂ ಬೆಚ್ಚಿಬೀಳುತ್ತಿದ್ದ. ಅವಳು ಬಚ್ಚಲಿಗೆ ಎದ್ದುಹೋದರೆ ವಾಪಸು ಬಂದು ಮಲಗುವವರೆಗೆ ಉಸಿರು ಹಿಡಿದು ಕಾಯುತ್ತಿದ್ದ. ಹೋದ ಎರಡು ಸಲವೂ ಸುದ್ದಿ ಬಂದದ್ದು ಬಚ್ಚಲಿನಿಂದಲೇ.

ಭಾನುವಾರ ಬೆಳಿಗ್ಗೆ ಅಂಗಡಿಯ ಮುಂದೆ ಜೀಪುಗಳು ಸಾಲುಗಟ್ಟಿದವು. ಬೆಳ್ಳಿಯಪ್ಪಗೌಡರು, ತಿಮ್ಮಪ್ಪ ಮೇಷ್ಟ್ರು, ಅವರ ಹಿಂದೆ ಹೋಬಳಿಯ ಅರ್ಧ ಬೆಳೆಗಾರರು, ಇವರೆಲ್ಲರ ಫೋನಿನ ಕಾಟ ತಾಳಲಾರದೆ ರಜೆಯ ದಿನವೂ ಹೊರಟು ಬಂದ ಕಾಫಿ ಬೋರ್ಡಿನ ಅಧಿಕಾರಿ. ಮೇಷ್ಟ್ರ ಕೈಯಲ್ಲಿ ಸೀಮೆಎಣ್ಣೆಯ ಕ್ಯಾನಿತ್ತು. ವಿಜ್ಞಾನಕ್ಕೆ ಸಿದ್ಧರಾಗಿಯೇ ಬಂದಿದ್ದರು.

"ಹೆಸರು ಹೇಳಿ ಚನ್ನಬಸವ," ಎಂದರು ಅಧಿಕಾರಿ ಸಮಾಧಾನದಿಂದ. "ಒಂದು ಸ್ಯಾಂಪಲಲ್ಲಿ ಅನುಮಾನ ಬಂತು ಅಂದ್ರೆ ತೋಟ ಹೋಯ್ತು ಅಂತಲ್ಲ. ನೋಡೋಣ ಮೊದಲು."

"ನಂದೇ ಅಂತ ಹೇಳಿಬಿಡು ಮಾರಾಯ!" ಎಂದು ಬೆಳ್ಳಿಯಪ್ಪಗೌಡರು ಎದೆ ಹಿಡಿದುಕೊಂಡರು. "ಒಂದು ವಾರದಿಂದ ಊಟ ಸೇರ್ತಿಲ್ಲ. ನಂದೇ ಅಲ್ವಾ?"

"ನೋಡಿ, ಕುಂಬಳಕಾಯಿ ಕಳ್ಳ!" ಎಂದರು ಮೇಷ್ಟ್ರು.

"ಯಾರನ್ನ ಹೇಳಿದ್ದು? ಹೆಗಲು ಮುಟ್ಟಿ ನೋಡ್ಕೊಳ್ಳೋದು ನೀವು!"

ಗೌಡರು ಮೇಷ್ಟ್ರ ಕಡೆ ನುಗ್ಗಿದರು, ಮೇಷ್ಟ್ರು ಕ್ಯಾನು ಎತ್ತಿದರು. ಇನ್ನೇನು ಮೂವತ್ತು ವರ್ಷದ ಸ್ನೇಹ ಬೀದಿಪಾಲಾಗಬೇಕು, ಆಗ ನಡುವೆ ಸಿಕ್ಕಿದ ಚನ್ನಬಸವ ಕಿರುಚಿದ: "ಹೊಡೆದಾಡ್ಬೇಡಿ! ತೋಟ ನಂದೇ!"

ಎಲ್ಲರೂ ನಿಂತರು.

"ನಿಂಗೆಲ್ಲಿದೆ ಮಾರಾಯ ತೋಟ?" ಎಂದರು ಗೌಡರು.

ಚನ್ನಬಸವ ಸುತ್ತ ನೋಡಿದ. "ಹಿತ್ತಲಲ್ಲಿ," ಎಂದ. "ಒಂದು ಗಿಡ."

ಅದು ನಿಜ. ಮದುವೆಯ ವರ್ಷ ಸೌಮ್ಯ ವಸ್ತಾರೆಯ ತವರಿನಿಂದ ತಂದು ನೆಟ್ಟ ಒಂದೇ ಒಂದು ರೊಬಸ್ಟಾ ಕಾಫಿ ಗಿಡ ಹಿತ್ತಲಲ್ಲಿತ್ತು. ಸಿಕ್ಕಿತಲ್ಲ ಹುಳದ ತವರು! ಇಡೀ ಗುಂಪು ಅಂಗಡಿಯನ್ನು ಹಾದು, ನಡುಮನೆಯನ್ನು ಹಾದು, ಪೂಜೆಗೆ ಕೂತಿದ್ದ ಸಿದ್ದಗಂಗಮ್ಮನನ್ನು ದಾಟಿ, ಚಪ್ಪಲಿ ಸಮೇತ ಹಿತ್ತಲಿಗೆ ನುಗ್ಗಿತು. ಹೋಬಳಿಯ ಅರ್ಧ ಬೆಳೆಗಾರರು ಒಂದು ಗಿಡದ ಸುತ್ತ ನಿಂತರು. ಮೇಷ್ಟ್ರು ಬುಡಕ್ಕೆ ಸೀಮೆಎಣ್ಣೆ ಸುರಿದೇಬಿಟ್ಟರು.

ಬಾವಿಕಟ್ಟೆಯ ಮರೆಯಲ್ಲಿ ಬೆಳಗಿನ ವಾಂತಿ ಮುಗಿಸಿ ಮುಖ ತೊಳೆಯುತ್ತಿದ್ದ ಸೌಮ್ಯ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತ ಬಂದಳು.

"ಎಂತ ಮಾಡ್ತಿದೀರಿ ಮೇಷ್ಟ್ರೇ?"

"ಇದರಲ್ಲಿ ಹುಳ ಇದೆ ತಾಯಿ. ಸುಡಬೇಕು."

"ಯಾರಾದ್ರೂ ಕಾಯಿ ಬಿಡಿಸಿ ನೋಡಿದ್ರಾ?"

ಯಾರೂ ನೋಡಿರಲಿಲ್ಲ. ಅಧಿಕಾರಿ ನಾಚಿಕೊಂಡು ಮುಂದೆ ಬಂದು, ಕೊಂಬೆ ಕೊಂಬೆ ಬಗ್ಗಿಸಿ ಹಣ್ಣಿನ ತುದಿ ನೋಡಿದರು. ಕೆಲವನ್ನು ಚಾಕುವಿನಿಂದ ಸೀಳಿದರು. "ಎಂತದೂ ಇಲ್ಲ," ಎಂದರು. "ನಿಮಗೆ ಅನುಮಾನ ಬಂದಿದ್ದು ಹೇಗೆ ಚನ್ನಬಸವ?"

ಚನ್ನಬಸವ ಪೂಜೆ ಬಿಟ್ಟು ಓಡಿಬಂದಿದ್ದ ತಾಯಿಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ.

"ಮೇಲಿಂದ ನೋಡಿದ್ರೆ ಎಂತದೂ ಇಲ್ಲ ಅಂದಿದ್ದ," ಎಂದು ಬೆಳ್ಳಿಯಪ್ಪಗೌಡರು ಸಾಕ್ಷಿ ನುಡಿದರು. "ತಿಳಿದವರು ಒಳಗೆ ಇದ್ರೂ ಇರಬಹುದು ಅಂದ್ರಂತೆ. ಲ್ಯಾಬಿನವರೂ ಖಾತ್ರಿ ಹೇಳಲ್ಲವಂತೆ. ಇವನ ಅಮ್ಮ ಬೇರೆ ಹೆಸರು ಹೇಳ್ಬೇಡ ಅಂತ ಆಣೆ ಹಾಕಿದಾರಂತೆ."

"ಎಷ್ಟು ವರ್ಷ ಕಾದು ಆಗಿದ್ದು ಅಂತ ನನ್ನೆದುರು ಅತ್ತ," ಎಂದರು ಮೇಷ್ಟ್ರು.

ಸೌಮ್ಯಳಿಗೆ ಅರ್ಥವಾಯಿತು. ಅವಳು ಗಂಡನನ್ನು ನೋಡಿದಳು. ಆ ನೋಟದ ಎದುರು ಚನ್ನಬಸವ ಗಿಡದ ಹಿಂದೆ ಅವಿತುಕೊಳ್ಳಲು ನೋಡಿದ. ರೊಬಸ್ಟಾ ಅಷ್ಟು ದೊಡ್ಡದಿರಲಿಲ್ಲ.

"ಹುಳ ಯಾರ ತೋಟದಲ್ಲೂ ಇಲ್ಲ," ಎಂದಳು ಅವಳು. "ನಂಗೆ ಮೂರನೇ ತಿಂಗಳು. ಮಗು ಸರಿ ಇದೆಯೋ ಇಲ್ಲವೋ ಅಂತ ಒಂದು ರಕ್ತ ಪರೀಕ್ಷೆ ಮಾಡಿಸಬಹುದು ಅಂತ ಡಾಕ್ಟ್ರು ಹೇಳಿದಾರೆ. ಮಾಡಿಸಬೇಕಾ ಬೇಡವಾ ಅಂತ ಇವರು ನಿಮ್ಮನ್ನ ಕೇಳಿದ್ದು ಅದನ್ನ."

ಸಿದ್ದಗಂಗಮ್ಮ ಹಣೆ ಚಚ್ಚಿಕೊಂಡು, ಸೊಸೆಗೆ ದೃಷ್ಟಿ ತಾಗೀತೆಂದು ತಕ್ಷಣ ವಿಭೂತಿ ತರಲು ಒಳಗೆ ಓಡಿದರು.

ಬೆಳ್ಳಿಯಪ್ಪಗೌಡರು ಮೊದಲು, "ಹಾಗಾದ್ರೆ ನನ್ನ ತೋಟ ಉಳೀತು!" ಎಂದು ಗಟ್ಟಿಯಾಗಿ ನಕ್ಕುಬಿಟ್ಟರು. ಜೊತೆಗೆ ಯಾರೂ ನಗಲಿಲ್ಲ. ಅವರ ನಗು ಅರ್ಧಕ್ಕೇ ನಿಂತಿತು. "ತಂಗೀ, ನಾನು ಪರೀಕ್ಷೆ ಬೇಡ ಅಂದಿದ್ದು ಕಾಫಿಗೆ," ಎಂದರು. "ಅದನ್ನ ನೀನು ಎಲ್ಲಾದ್ರೂ ಹಿಡ್ಕೊಂಡು ಕೂತೀಯ. ನಂಗೆ ಹೆದರಿಕೆ ಆಗಿ ಹಾಗೆ ಅಂದಿದ್ದು, ಅಷ್ಟೇ."

ತಿಮ್ಮಪ್ಪ ಮೇಷ್ಟ್ರು ಕೈಯಲ್ಲಿದ್ದ ಕ್ಯಾನನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡರು. "ನಾನು... ಸುಡಬೇಕು ಅಂದಿದ್ದು ಗಿಡಾನ ತಾಯಿ," ಎಂದರು ಕಡೆಗೆ. "ಗಿಡಾನ ಮಾತ್ರ." ಅವರ ಕಣ್ಣು ತುಂಬಿತ್ತು. ಆಮೇಲೆ ಅವರೇ ಬಾವಿಯಿಂದ ನೀರು ಸೇದಿ ಸೇದಿ ತಂದು ಗಿಡದ ಬುಡಕ್ಕೆ ಹುಯ್ದರು. ಸಾಕು ಎಂದರೂ ಬಿಡಲಿಲ್ಲ.

ಹೀಗೆ ಕೊಟ್ಟ ಎರಡು ಸಲಹೆಗಳನ್ನೂ ವಾಪಸು ತೆಗೆದುಕೊಂಡು ಊರು ಮೆಲ್ಲನೆ ಚಪ್ಪಲಿ ಕೈಯಲ್ಲಿ ಹಿಡಿದು ನಡುಮನೆ ದಾಟಿ ಹೋಯಿತು. ಹಿತ್ತಲಲ್ಲಿ ಗಂಡ ಹೆಂಡಿರಿಬ್ಬರೇ ಉಳಿದರು.

"ಊರನ್ನೆಲ್ಲ ಕೇಳಿದಿರಿ," ಎಂದಳು ಸೌಮ್ಯ. "ನನ್ನೊಬ್ಬಳನ್ನ ಬಿಟ್ಟು."

"ನಿಂಗೆ ಹೆದರಿಕೆ ಆಗ್ತದೆ ಅಂತ..."

"ನಂಗೆ ಹೆದರಿಕೆ ಇಲ್ಲ ಅಂದ್ಕೊಂಡಿದ್ರಾ? ಆಸ್ಪತ್ರೆಯಿಂದ ಬಂದಾಗಿನಿಂದ ನಾನು ಒಬ್ಬಳೇ ಹೆದರ್ಕೊಂಡು ಕೂತಿದೀನಿ. ನೀವು ನೋಡಿದ್ರೆ ಕಾಫಿ ಹುಳದ ಹಿಂದೆ ಬಿದ್ದಿದೀರಿ ಅಂತ..." ಅವಳು ಬಾವಿಕಟ್ಟೆಯ ಮೇಲೆ ಕೂತಳು. "ಹೆಚ್ಚು ಅಂತ ಬಂದ್ರೆ ಎಂತ ಮಾಡ್ತೀರಿ? ಹೇಳಿ."

ಯಾವ ಮೂಟೆಗೂ ತಡವರಿಸದ ಚನ್ನಬಸವ ತಡವರಿಸಿದ. "ಅಳ್ತೀನಿ," ಎಂದ.

"ಆಮೇಲೆ?"

"ಆಮೇಲೆ ನಿನ್ನ ಕೇಳ್ತೀನಿ."

ಸೌಮ್ಯ ಮೂಗು ಒರೆಸಿಕೊಂಡು, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ತಾನು ಎಷ್ಟು ಸಲ ತಲೆಯಲ್ಲಿ ತಿರುಗಿಸಿ ನೋಡಿದ್ದಳೋ ಅದನ್ನೆಲ್ಲ ಒಂದೊಂದಾಗಿ ಹೇಳಿದಳು. ರಕ್ತ ಕೊಡುವುದರಿಂದ ಮಗುವಿಗೆ ಏನೂ ಆಗುವುದಿಲ್ಲ, ಅದನ್ನು ಮಾಡಿಸೋಣ. ಏನಾದರೂ ಇದ್ದರೆ ಹುಟ್ಟುವ ಮುಂಚೆ ಗೊತ್ತಿದ್ದರೆ ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಗೆ ನೋಡಬಹುದು, ಮಗುವಿನ ಹೃದಯ ತೋರಿಸಬಹುದು. ಹೊಟ್ಟೆಗೆ ಹಾಕುವ ಸೂಜಿ ಮಾತ್ರ ಬೇಡ. "ಎರಡು ಕಳ್ಕೊಂಡಿದೀನಿ. ಇದನ್ನ ನನ್ನ ಕೈಯಾರೆ ಅಪಾಯಕ್ಕೆ ಒಡ್ಡೋ ಧೈರ್ಯ ನಂಗಿಲ್ಲ ರೀ. ಅದು ಸರಿಯೋ ತಪ್ಪೋ ಗೊತ್ತಿಲ್ಲ."

ಚನ್ನಬಸವ ತಲೆಯಾಡಿಸಿದ. ಒಂದು ವಿಷಯದಲ್ಲಿ ಅವನು ಯಾವ ಅಭಿಪ್ರಾಯವನ್ನೂ ಸೇರಿಸದೆ ಸುಮ್ಮನೆ ಕೇಳಿಸಿಕೊಂಡದ್ದು ಪ್ರಾಯಶಃ ಅದೇ ಮೊದಲು.

ಸೋಮವಾರ ಬೆಳಿಗ್ಗೆ ಚಿಕ್ಕಮಗಳೂರಿನ ಆ ಚಿಕ್ಕ ಕೋಣೆಯಲ್ಲಿ ನರ್ಸಮ್ಮ ಸೌಮ್ಯಳ ತೋಳಿಗೆ ರಬ್ಬರು ಪಟ್ಟಿ ಕಟ್ಟಿದಳು. ಚನ್ನಬಸವನನ್ನು ಹೊರಗಿರಲು ಹೇಳಿದ್ದರು. ಅವನು ಕೇಳಿರಲಿಲ್ಲ. ಸೌಮ್ಯಳ ಇನ್ನೊಂದು ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದ. ಅವನ ಮುಖದ ಬೆವರನ್ನು ನರ್ಸಮ್ಮ ಒಮ್ಮೆ ಬಗ್ಗಿ ನೋಡಿದಳು.

"ಇವರನ್ನ ಕೂರಿಸಮ್ಮ," ಎಂದಳು. "ಬಿದ್ದುಗಿದ್ದಾರು."

"ರಿಸಲ್ಟು ಯಾವಾಗ ಬರ್ತದೆ?" ಎಂದ ಚನ್ನಬಸವ.

"ಬೆಂಗಳೂರಿಗೆ ಹೋಗಿ ಬರಬೇಕು. ಒಂದು ವಾರ ಆಗ್ತದೆ."

ಒಂದು ವಾರ! ಅವನ ಮುಖ ಬಿಳಿಚಿತು. ಸೌಮ್ಯ ತನ್ನ ಬೆರಳು ಬಿಡಿಸಿಕೊಂಡು ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ನರ್ಸಮ್ಮ ಹತ್ತಿಯಿಂದ ತೋಳು ಒರೆಸಿ ಸೂಜಿ ಕೈಗೆತ್ತಿಕೊಂಡಳು.

"ಕಣ್ಣು ಮುಚ್ಕೊಳ್ಳಿ," ಎಂದಳು ಸೌಮ್ಯ ಗಂಡನಿಗೆ. "ಮುಗಿದ ಮೇಲೆ ನಾನು ಹೇಳ್ತೀನಿ."